ಮೂಲೆ ಕತ್ತರಿಸಿದ ಲಗ್ನಪತ್ರಿಕೆ

ನವೆಂಬರ್ 3, 1993, ಬುಧವಾರ

ಇವತ್ತಿನಿಂದ ನಾನು ವಿನ್ಯಾಸಕಿ. ಹಾಗೆಂದು ಕಾಲೇಜಿನ ಕಾಗದ ಹೇಳುತ್ತದೆ. ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನ ಮಾಲೀಕ ಗೋಪಿನಾಥ್‌ಜಿಯ ಪ್ರಕಾರ ನಾನು ರಬ್ಬರು ಹಿಡಿಯುವವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರು ಬರೆದ ಗಣೇಶನ ಸುತ್ತ ಉಳಿದ ಪೆನ್ಸಿಲ್ ಗೆರೆ ಅಳಿಸಿದ್ದೇ ಕೆಲಸ. ಕಾಶಿಯಲ್ಲಿ ಮದುವೆಯಾಗುವವರೆಲ್ಲ ಗಣೇಶನನ್ನೇ ಯಾಕೆ ಹಾಕಿಸುತ್ತಾರೋ, ಅದೂ ಎಲ್ಲರೂ ಅದೇ ಒಂದು ಗಣೇಶನನ್ನು.

ಡಿಗ್ರಿಯ ಕೊನೆಯ ವರ್ಷಕ್ಕೆ ಇದೊಂದು ಕಡ್ಡಾಯ. ಮಾರ್ಚ್‌ವರೆಗೆ ಎಲ್ಲಾದರೂ ಕೆಲಸ ಕಲಿತು ಮಾಲೀಕನ ಪ್ರಮಾಣಪತ್ರ ತರಬೇಕು. ತರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ಮುಂದಿನ ವರ್ಷ ನಾನೆಲ್ಲಿರುತ್ತೇನೆ? ಅಪ್ಪನ ಬ್ಯಾಂಕು ಬಡ್ತಿ ಕೊಟ್ಟ ನೆಪದಲ್ಲಿ ನಮ್ಮನ್ನು ಹುಬ್ಬಳ್ಳಿಯಿಂದ ಎತ್ತಿ ಇಲ್ಲಿ ಹಾಕಿದ್ದು ಮೂರು ವರ್ಷಕ್ಕೆ. ಜೂನ್‌ಗೆ ಅದು ಮುಗಿಯುತ್ತದೆ. ಆಮೇಲೆ ಈ ಗಲ್ಲಿ, ಈ ಎಮ್ಮೆ, ಈ ಗೋದೌಲಿಯಾದ ನೂಕುನುಗ್ಗಲು ಯಾವುದೂ ನನಗೆ ಬೇಡ. ಡಿಗ್ರಿ ಕೈಗೆ ಬಂದ ದಿನವೇ ರೈಲು ಹತ್ತುವವಳು ನಾನು.

ಗೋಪಿನಾಥ್‌ಜಿ ಬಾಯಲ್ಲಿ ಪಾನ್ ಇಟ್ಟುಕೊಂಡೇ ಮಾತಾಡುತ್ತಾರೆ. ತಲೆ ಮೇಲೆತ್ತಿ, ರಸ ಚೆಲ್ಲದಂತೆ ತುಟಿ ಮುಚ್ಚಿ, "ಊಂ ಹೂಂ ಊಂ" ಎನ್ನುತ್ತಾರೆ. ನನಗೆ ಒಂದಕ್ಷರ ತಿಳಿಯಲಿಲ್ಲ. ಅಕ್ಷರ ಬರೆಯುವ ರಮೇಶ್ ಭೈಯಾ ಪಕ್ಕದಲ್ಲಿ ನಿಂತು ಅನುವಾದ ಮಾಡಿದರು. "ಸೊಂಡಿಲಿಗೆ ರಬ್ಬರು ತಾಗಿಸಬೇಡ ಅಂತಿದ್ದಾರೆ."

ಮನೆಗೆ ಬಂದಾಗ ಅವ್ವ ಕೇಳಿದಳು, "ಏನ್ ಕಲ್ತಿ ವಚನಾ ಇವತ್ತ?"

"ಅಳಸೂದು."

"ಅದನ್ನ ನಿಮ್ಮಪ್ಪ ನಿನಗ ಒಂದನೇ ಇಯತ್ತೆಯೊಳಗ ಕಲಿಸ್ಯಾರಲ್ಲ!"

ನವೆಂಬರ್ 11, ಗುರುವಾರ

ಈ ಊರಿನ ಅಂಚೆ ಇಲಾಖೆಗೆ ಒಂದು ದೂರು ಬರೆಯಬೇಕು. ನಮ್ಮ ಮನೆಯ ಒಡತಿ ಕಮಲಾದೇವಿಯವರಿಗೆ ಇವತ್ತು ಬಲಿಯಾ ಎಂಬ ಊರಿನಿಂದ ಒಂದು ಅಂಚೆ ಕಾರ್ಡು ಬಂತು. ಅದರ ಒಂದು ಮೂಲೆ ಹರಿದುಹೋಗಿತ್ತು. ಅವರು ಹೊಸಿಲ ಆಚೆಯೇ ನಿಂತು ಓದಿದರು, ಅಲ್ಲೇ ಚೂರು ಚೂರು ಮಾಡಿ ಚರಂಡಿಗೆ ಹಾಕಿದರು, ಯಾರ ಜೊತೆಗೂ ಮಾತಾಡದೆ ಕೇದಾರ ಘಾಟಿಗೆ ಹೋಗಿ ತಣ್ಣೀರಲ್ಲಿ ಮುಳುಗಿ ಬಂದರು. ಹರಿದ ಕಾರ್ಡು ತಂದುಕೊಟ್ಟಿದ್ದಕ್ಕೆ ಅಷ್ಟು ಸಿಟ್ಟು ಬಂದಿರಬೇಕು. ಬರುವುದು ಸಹಜವೇ. ಆದರೆ ಈ ಚಳಿಯಲ್ಲಿ ಮುಳುಗುವಷ್ಟು ಸಿಟ್ಟೇ? ಇಲ್ಲಿನ ಜನ ಸ್ನಾನಕ್ಕೆ ನೆಪ ಹುಡುಕುತ್ತಾರೆ.

ಸಮಾಧಾನಕ್ಕೆಂದು ಅವ್ವ ಮಾಡಿದ ಚಕ್ಕುಲಿ ಕೊಟ್ಟೆ. ತಿನ್ನಲಿಲ್ಲ. ದೀಪಾವಳಿಗೂ ದೀಪ ಹಚ್ಚುವುದಿಲ್ಲವಂತೆ. ಒಂದು ಕಾರ್ಡಿಗಾಗಿ ಇಷ್ಟು ಹಟವೇ ಎನಿಸಿತು.

ಡಿಸೆಂಬರ್ 20, ಸೋಮವಾರ

ಸಂಕ್ರಾಂತಿಯವರೆಗೆ ಮುಹೂರ್ತವಿಲ್ಲ, ಪ್ರೆಸ್ಸಿನಲ್ಲಿ ಕೆಲಸವೂ ಇಲ್ಲ. ಗೋಪಿನಾಥ್‌ಜಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಾರೆ. ನಾನು ಸೌಂದರ್ಯಶಾಸ್ತ್ರ ಓದುತ್ತೇನೆ. ರಬ್ಬರಿನಿಂದ ಬ್ರಷ್‌ಗೆ ಬಡ್ತಿ ಸಿಕ್ಕಿದೆ, ಗಣೇಶನ ಇಲಿಗೆ ಬಣ್ಣ ತುಂಬಬಹುದು. ಇಲಿಗೆ ಮಾತ್ರ.

ಜನವರಿ 14, 1994, ಶುಕ್ರವಾರ

ಸಂಕ್ರಾಂತಿ. ಇಲ್ಲಿ ಹಬ್ಬದ ಹೆಸರೇ ಖಿಚಡಿ! ಹುಬ್ಬಳ್ಳಿಯಲ್ಲಿ ಹೊಟ್ಟೆ ಕೆಟ್ಟವರಿಗೆ ಕೊಡುವುದನ್ನು ಇಲ್ಲಿ ಹಬ್ಬ ಮಾಡಿ ತಿನ್ನುತ್ತಾರೆ. ಅವ್ವ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಮಾಡಿ ಕಮಲಾದೇವಿಯವರಿಗೆ ಕೊಟ್ಟಳು. ಅವರು ಒಂದು ಪಾತ್ರೆ ಖಿಚಡಿ ಕಳಿಸಿದರು. ಮೇಲೆ ತುಪ್ಪ, ಪಕ್ಕದಲ್ಲಿ ಮೂಲಂಗಿಯ ಉಪ್ಪಿನಕಾಯಿ. ಕೆಟ್ಟದಾಗೇನೂ ಇರಲಿಲ್ಲ. ಎರಡು ಸಲ ಹಾಕಿಸಿಕೊಂಡೆ, ಪಾತ್ರೆ ಖಾಲಿ ಮಾಡಿ ತೊಳೆದು ಕೊಡಬೇಕಲ್ಲ ಎಂದು.

ಇವತ್ತು ಬರೆಯಲು ಕುಳಿತದ್ದು ಬೇರೆಯದಕ್ಕೆ. ನನಗೊಂದು ಪೂರ್ತಿ ಕಾರ್ಡು ಸಿಕ್ಕಿದೆ!

ಗೋಪಿನಾಥ್‌ಜಿ ಕಾಗದ ತರಲು ಕಲ್ಕತ್ತೆಗೆ ಹೋಗಿದ್ದಾರೆ, ಅಲ್ಲಿಂದ ಮಾವನ ಮನೆಗೂ ಹೋಗಿ ಬರುತ್ತಾರಂತೆ. ರಮೇಶ್ ಭೈಯಾ ತಂಗಿಯ ಮದುವೆಗೆ ಊರಿಗೆ ಹೋದರು. ಹೋಗುವಾಗ, "ಬರುವ ಕೆಲಸ ಬರೆದಿಟ್ಟುಕೋ ಸಾಕು" ಎಂದಿದ್ದರು. ಆಗ ಬಂದವನು ದರ್ಶನ. ಗೋದೌಲಿಯಾದ ದೊಡ್ಡ ಪಾತ್ರೆ ಅಂಗಡಿಯ ಮನೆಯವನು, ದೆಹಲಿಯ ಹಾಸ್ಟೆಲಿನಲ್ಲಿ ಓದಿದವನು. ಅವನ ತಂಗಿ ಮಾಲವಿಕಾಳ ಮದುವೆ ಫೆಬ್ರವರಿ ಇಪ್ಪತ್ತೊಂದಕ್ಕೆ.

ಮಾದರಿ ಪುಸ್ತಕ ತೆಗೆದರೆ ಕೈ ಮುಗಿದುಬಿಟ್ಟ. "ಗಣೇಶ ಬೇಡ, ಡೋಲಿ ಬೇಡ, ಶಹನಾಯಿಯಂತೂ ಬೇಡವೇ ಬೇಡ. ಬನಾರಸದಲ್ಲಿ ಯಾರೂ ನೋಡಿರದ ಕಾರ್ಡು ಆಗಬೇಕು. ಮಾಡುವವರು ಯಾರಿದ್ದಾರೆ?"

"ನಾನಿದ್ದೇನೆ" ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ.

ಜನವರಿ 22, ಶನಿವಾರ

ಆಯಿತು. ನನ್ನ ಕಾರ್ಡು ಎಷ್ಟು ಚೆನ್ನಾಗಿದೆಯೆಂದರೆ ನಾನೇ ಮದುವೆಯಾಗಿಬಿಡಬೇಕು ಅನ್ನಿಸುತ್ತಿದೆ.

ಕುಂಕುಮದ ಬಣ್ಣದ ದಪ್ಪ ಕಾಗದ. ಮಡಿಕೆ ಕೆಳಗೆ, ಮೇಲಿನಿಂದ ತೆರೆಯಬೇಕು. ಹೊರಗಿನ ಮಡಿಕೆಯ ಎಡ ಮೇಲ್ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದೇನೆ. ಅಲ್ಲಿಂದ ಒಳಪುಟದ ಚಿನ್ನದ ಬಣ್ಣದ ಕಳಶ ಇಣುಕುತ್ತದೆ. ಲಕೋಟೆಗೂ ಅದೇ ಮೂಲೆ ಅದೇ ಓರೆಯಲ್ಲಿ ಕತ್ತರಿ. ಅಂದರೆ ಅಂಚೆಯವನ ಕೈಯಲ್ಲಿರುವಾಗಲೇ ಕಳಶ ಹೊಳೆಯುತ್ತದೆ. ಕಾಲೇಜಿನಲ್ಲಿ ಮುಂಬಯಿಯಿಂದ ಬಂದ ಮೇಡಂ ನೋಡಿ, "ಇದು ಯೋಚನೆ ಅಂದರೆ" ಎಂದರು. ದರ್ಶನ ಅಂತೂ ಅಂಗಡಿಯಲ್ಲೇ ಸೀಟಿ ಹೊಡೆದ.

ಮೊದಲು ಖಾಲಿ ಕಾಗದವನ್ನೇ ಪಕ್ಕದ ಗಲ್ಲಿಯ ಕಟಿಂಗ್ ಅಂಗಡಿಗೆ ಒಯ್ದು ಕತ್ತರಿಸಿಕೊಂಡು ಬಂದೆ. ಅಚ್ಚು ಆಮೇಲೆ. ಅಂಗಡಿಯವನು, "ಒಂದೇ ಮೂಲೆಯಾ?" ಎಂದು ಮೆತ್ತಗೆ ಕೇಳಿದ. "ಒಂದೇ" ಎಂದೆ. ಕತ್ತರಿಸಿದ. ಕಟ್ಟು ಕೊಡುವಾಗ ಎದ್ದು ನಿಂತು ಕೈಮುಗಿದ, ಕಣ್ಣು ತಗ್ಗಿಸಿ, "ಧೈರ್ಯ ತಗೋ ಬಿಟಿಯಾ" ಎಂದ, ಸ್ವಂತ ಮಗಳಿಗೆ ಹೇಳುವಂತೆ. ಹೊಸದಾಗಿ ಕೆಲಸ ಶುರುಮಾಡಿದವರಿಗೆ ಇಲ್ಲಿನವರು ಇಷ್ಟು ಮರ್ಯಾದೆ ಕೊಡುತ್ತಾರೆಂದು ತಿಳಿದಿರಲಿಲ್ಲ. ಕಾಶಿಯ ಬಗ್ಗೆ ನಾನು ಬರೆದದ್ದರಲ್ಲಿ ಸ್ವಲ್ಪ ವಾಪಸು ತೆಗೆದುಕೊಳ್ಳುತ್ತೇನೆ.

ಅಚ್ಚಿನ ಸ್ಕ್ರೀನ್ ಮೇಲೆ ಬಣ್ಣ ನಾನೇ ಎಳೆದೆ. ಕೈ ಬಿದ್ದುಹೋಗಿದೆ. ಇದನ್ನು ಬರೆಯುತ್ತಿರುವ ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಜನವರಿ 29, ಶನಿವಾರ

ದೂರದ ನೆಂಟರ ಕಾರ್ಡುಗಳನ್ನು ದರ್ಶನ ಪ್ರೆಸ್ಸಿನಿಂದ ನೇರವಾಗಿ ಅಂಚೆಗೆ ಹಾಕಿದ. ಮನೆಗೆ ಒಯ್ದರೆ ಅಜ್ಜಿ ಪೂಜೆ, ಮುಹೂರ್ತ ಎಂದು ತಡಮಾಡುತ್ತಾರಂತೆ. ಊರಿನವರ ಕಾರ್ಡು, ಹೆಚ್ಚಿಗೆ ಅಚ್ಚುಹಾಕಿದ್ದು ಎಲ್ಲ ಕಟ್ಟಿಟ್ಟಿದ್ದೇನೆ. ಗೋಪಿನಾಥ್‌ಜಿ ಬಂದು ನೋಡಿದರೆ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿಯೇ ಕೊಡಬೇಕು.

ಫೆಬ್ರವರಿ 4, ಶುಕ್ರವಾರ

ಅತ್ತು ಮುಗಿಸಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಗೋಪಿನಾಥ್‌ಜಿ ಕಲ್ಕತ್ತೆಯಿಂದ ಬಂದಿದ್ದರು. ರಮೇಶ್ ಭೈಯಾ ಕೂಡ. ನನ್ನ ಕಟ್ಟು ಬಿಚ್ಚಿ ಒಂದು ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟೆ, ಹೊಗಳಿಕೆಗೆ ಕಾಯುತ್ತ ನಿಂತೆ. ಗೋಪಿನಾಥ್‌ಜಿಯ ದವಡೆ ನಿಂತುಹೋಯಿತು. ಪಾನ್ ಬಾಯಲ್ಲಿದ್ದೂ ದವಡೆ ನಿಂತದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ. ರಮೇಶ್ ಭೈಯಾ, "ರಾಮ ರಾಮ" ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಬಾಗಿಲಿಗೆ ಸೈಕಲ್ ರಿಕ್ಷಾ ಬಂತು. ಇಳಿದವರು ದರ್ಶನನ ಅಜ್ಜಿ ಮಹೇಶ್ವರಿ ದೇವಿ, ಹಿಂದೆ ತಲೆ ತಗ್ಗಿಸಿದ ದರ್ಶನ, ಅವನ ಹಿಂದೆ ಬಿಳಿ ಪಂಚೆಯ ಒಬ್ಬ ದಪ್ಪ ಯಜಮಾನರು. ಯಜಮಾನರ ಕಣ್ಣು ಅತ್ತು ಕೆಂಪಾಗಿತ್ತು. ಅವರು ಘಾಜಿಪುರದ ಫೂಫಾ, ಅಂದರೆ ದರ್ಶನನ ಸೋದರತ್ತೆಯ ಗಂಡ, ಅಜ್ಜಿಯ ಅಳಿಯ.

ಅಜ್ಜಿ ಗೋಪಿನಾಥ್‌ಜಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. "ನಾನು ಅಂಗಳದಲ್ಲಿ ಬಟಾಣಿ ಬಿಡಿಸ್ತಾ ಕೂತಿದ್ದೀನಿ ಮಾಲೀಕ್. ಈ ನನ್ನ ಅಳಿಯ ಬಾಗಿಲಲ್ಲಿ ನಿಂತು ಅಮ್ಮಾಜಿ ಹೋಗಿಬಿಟ್ರಾ ಅಂತ ಗೋಳಾಡ್ತಿದ್ದಾನೆ. ನಾನು ಇಲ್ಲೇ ಇದ್ದೀನಲ್ಲೋ ಅಂದೆ. ನನ್ನ ನೋಡಿ ಇನ್ನೂ ಜೋರಾಗಿ ಕೂಗಿಕೊಂಡ."

"ಅಮ್ಮಾಜಿ, ಲಕೋಟೆಯ ಮೂಲೆ ಕತ್ತರಿಸಿತ್ತು" ಎಂದರು ಫೂಫಾ. "ಕಳಿಸಿದವರು ನಿಮ್ಮ ಮನೆಯವರು. ಅಂಥದ್ದನ್ನ ಒಳಗೆ ಹೇಗೆ ತರೋದು? ಓದುವ ಧೈರ್ಯ ಬರದೆ ಹೊರಗೇ ಹರಿದುಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಹೆಂಡತಿ ಅತ್ತ ಅಳುವಿಗೆ ಡ್ರೈವರ್ ಕೂಡ ಅತ್ತ."

ನನಗೆ ಇನ್ನೂ ತಿಳಿಯಲಿಲ್ಲ. ರಮೇಶ್ ಭೈಯಾ ಹೇಳಿದರು, "ವಚನಾ, ಇಲ್ಲಿ ಸಾವಿನ ಸುದ್ದಿಯ ಕಾಗದಕ್ಕೆ ಒಂದು ಮೂಲೆ ಹರಿದು ಕಳಿಸ್ತಾರೆ. ಕೈಗೆ ಬಂದ ತಕ್ಷಣ ಗೊತ್ತಾಗ್ಲಿ ಅಂತ. ಅದು ಹೊಸಿಲು ದಾಟಬಾರದು, ಓದಿ ಹೊರಗೇ ಹರಿದುಹಾಕಬೇಕು. ನಿಮ್ಮ ಕಡೆ ಹೀಗಿಲ್ವಾ?"

ಆಗ ಕಮಲಾದೇವಿ ನೆನಪಾದರು. ಹೊಸಿಲ ಆಚೆ ನಿಂತದ್ದು, ತಣ್ಣೀರ ಸ್ನಾನ, ಹಚ್ಚದ ದೀಪ. ನಾನು ಅವರಿಗೆ ಚಕ್ಕುಲಿ ಕೊಟ್ಟು ಅಂಚೆ ಇಲಾಖೆಯನ್ನು ಬೈದಿದ್ದೆ. ಆ ಕಟಿಂಗ್ ಅಂಗಡಿಯವನು ಕೈಮುಗಿದದ್ದು ಮರ್ಯಾದೆಗಲ್ಲ, ಸಂತಾಪಕ್ಕೆ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಅಜ್ಜಿ ಎದ್ದರು. "ಮೊಮ್ಮಗಳ ಮದುವೆಗೆ ಇದರಲ್ಲಿ ಒಂದೂ ಕಾರ್ಡು ಹೋಗಕೂಡದು." ಅಷ್ಟೇ ಹೇಳಿ ರಿಕ್ಷಾ ಹತ್ತಿದರು.

ಗೋಪಿನಾಥ್‌ಜಿ ನಿಧಾನವಾಗಿ ಹೊರಗೆ ಹೋದರು, ಆಗಷ್ಟೇ ಹಾಕಿದ್ದ ಪಾನ್ ಪೂರ್ತಿ ಉಗಿದರು, ಬಾಯಿ ತೊಳೆದುಕೊಂಡರು, ಒಳಗೆ ಬಂದು ನನ್ನ ಎದುರು ನಿಂತರು. ಮೊದಲ ಬಾರಿಗೆ ಅವರ ಮಾತು ಅನುವಾದವಿಲ್ಲದೆ ತಿಳಿಯಿತು.

"ನಾಳೆಯಿಂದ ಬರಬೇಡ. ಈ ಬಣ್ಣದ ಕಾಗದ ಈಗ ತಂದದ್ದರಲ್ಲಿಲ್ಲ, ಮತ್ತೆ ಕಲ್ಕತ್ತೆಯಿಂದ ಬರಬೇಕು, ಅಷ್ಟು ಹೊತ್ತಿಗೆ ಮದುವೆ ಮುಗಿದಿರುತ್ತೆ. ಇದನ್ನೆಲ್ಲ ತಗೊಂಡು ಹೋಗು. ಈ ಅಶುಭ ನನ್ನ ಅಂಗಡಿಯಲ್ಲಿರೋದು ಬೇಡ."

"ಪ್ರಮಾಣಪತ್ರ?" ಎಂದೆ. ಕೇಳಬಾರದಿತ್ತು.

"ಯಾವುದಕ್ಕೆ?" ಎಂದರು.

ಕಟ್ಟುಗಳ ಜೊತೆ ನಾನು ರಿಕ್ಷಾದಲ್ಲಿ ಬಂದೆ. ಬಂಗಾಲಿ ಟೋಲಾದ ನಮ್ಮ ಬಾಗಿಲಲ್ಲಿ ಕಮಲಾದೇವಿ ಕಟ್ಟು ನೋಡಿ ಕೈ ಅಡ್ಡ ಹಿಡಿದರು. "ಇದು ಒಳಗೆ ಬೇಡ ಬಿಟಿಯಾ." ಈಗ ಅದು ಹೊರಗೆ ಕಟ್ಟೆಯ ಮೇಲಿದೆ. ಎಮ್ಮೆ ಬಂದು ಮೂಸಿ ನೋಡಿ ಹೋಯಿತು. ಅದಕ್ಕೂ ಬೇಡ.

ಫೆಬ್ರವರಿ 5, ಶನಿವಾರ

ಹಾಸಿಗೆ ಬಿಟ್ಟು ಏಳಲಿಲ್ಲ. ಡಿಗ್ರಿ ಹೋಯಿತು. ಸರಸ್ವತಿ, ಗಣೇಶ, ಗಣೇಶನ ಇಲಿ, ಯಾರೂ ನನ್ನ ಪಾಲಿಗಿಲ್ಲ.

ಫೆಬ್ರವರಿ 6, ಭಾನುವಾರ

ಇವತ್ತಿನದು ಉದ್ದವಾಗುತ್ತದೆ.

ಮೊದಲು ಕಮಲಾದೇವಿಯವರ ಹತ್ತಿರ ಹೋಗಿ ಬಲಿಯಾದಲ್ಲಿ ತೀರಿಕೊಂಡದ್ದು ಯಾರೆಂದು ಕೇಳಿದೆ. ನವೆಂಬರಿನಲ್ಲಿ ಕೇಳಬೇಕಾಗಿದ್ದ ಮಾತು. ಅವರ ಅಕ್ಕನಂತೆ. ತುಂಬ ಹೊತ್ತು ಅಕ್ಕನ ಮಾತಾಡಿದರು, ಇಬ್ಬರೂ ಒಂದೇ ಸೀರೆಗಾಗಿ ಜಗಳವಾಡಿ ಅದನ್ನು ಹರಿದ ಕಥೆ ಹೇಳಿ ನಕ್ಕರು. ನನ್ನ ಚಕ್ಕುಲಿಯ ಕಥೆ ಹೇಳಿದಾಗ ಇನ್ನೂ ನಕ್ಕರು.

ಮಧ್ಯಾಹ್ನ ಅವ್ವ ಹೊರಗೆ ಕಟ್ಟೆಯ ಮೇಲೆ ಕೂತು ಕಾರ್ಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಪ್ಪ ಪೇಪರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಮ್ಮ ಕಡೆ ಯಾರರೆ ಹೋದ್ರ ತಂತಿ ಬರ್ತಿತ್ತು" ಎಂದರು ಅಪ್ಪ. "ಇವರ ಮೂಲಿ ವಿಚಾರ ನನಗೂ ಗೊತ್ತಿರಲಿಲ್ಲ. ನಾನೂ ಈ ಕಾರ್ಡಿಗೆ ಭೇಷ್ ಅಂದಾಂವ ಅದೀನಲ್ಲ."

"ಅದು ಇರಲಿ ಬಿಡ್ರಿ" ಎಂದಳು ಅವ್ವ. "ಲಗ್ನಪತ್ರಿಕಿ ಅಂದ್ರ ನಾಕೂ ಮೂಲಿಗೆ ಅರಿಸಿಣ ಹಚ್ತೀವಿ. ಇದಕ್ಕ ಹಚ್ಚಾಕ ಮೂಲಿನ ಇಲ್ಲ. ಒಂದ ಕಿವಿ ಹರಿದ ಆಡಿನಂಗ ಕಾಣ್ತೈತಿ. ಏ ವಚನಾ, ಆ ಕಿವಿನೂ ಕತ್ತರಿಸಿ ಒಗಿ. ಜೋಡಿನಾದ್ರೂ ಆಗ್ಲಿ!"

ನನಗೆ ಸಿಟ್ಟು ಬಂತು. ನನ್ನ ಕಳಶದ ಕಾರ್ಡಿಗೆ ಆಡು ಎನ್ನುವುದೇ? ಕತ್ತರಿ ತಂದು ಅವಳೆದುರೇ ಬಲ ಮೂಲೆಯನ್ನೂ ಅದೇ ಓರೆಯಲ್ಲಿ ಕರಕ್ಕೆಂದು ಕತ್ತರಿಸಿ, "ತಗೋ ನಿನ್ನ ಆಡು" ಎಂದು ಕಟ್ಟೆಯ ಮೇಲೆ ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ಮೂವರೂ ಬಗ್ಗಿ ನೋಡಿದೆವು. ಕೆಳಗೆ ಮಡಿಕೆ, ಎರಡು ಪಕ್ಕ ನೆಟ್ಟಗೆ, ಮೇಲೆ ಎರಡು ಇಳಿಜಾರು. ಕುಂಕುಮದ ಬಣ್ಣದ ಮದುವೆ ಮಂಟಪ ಕಟ್ಟೆಯ ಮೇಲೆ ನಿಂತಿತ್ತು.

"ಹಂದರಾ ಆತಲ್ಲವಾ" ಎಂದಳು ಅವ್ವ.

ನಾನು ಕಾರ್ಡು ಹಿಡಿದು ಕಮಲಾದೇವಿಯವರನ್ನು ಕೂಗಿದೆ. ಅವರು ಹೊಸಿಲ ಒಳಗೆ ನಿಂತು ಕೈಚಾಚಿ ತೆಗೆದುಕೊಂಡರು. ಕತ್ತರಿಸಿದ ಒಂದು ಮೂಲೆ ಮುಟ್ಟಿದರು, ಇನ್ನೊಂದು ಮುಟ್ಟಿದರು. ಆಮೇಲೆ ತಿರುಗಿ, ಕಾರ್ಡನ್ನು ಒಳಗೆ ಒಯ್ದು, ದೇವರ ಮುಂದೆ ಇಟ್ಟುಬಂದರು.

ಅವ್ವನನ್ನು ಎತ್ತಿ ತಿರುಗಿಸಿಬಿಡೋಣ ಎನಿಸಿತು. ಎತ್ತಲಾಗಲಿಲ್ಲ, ಸುಮ್ಮನೆ ತಬ್ಬಿಕೊಂಡೆ.

ಫೆಬ್ರವರಿ 7, ಸೋಮವಾರ

ಪ್ರೆಸ್ಸಿಗೆ ಹೋಗುವ ಧೈರ್ಯವಿರಲಿಲ್ಲ. ನೇರ ಅಜ್ಜಿಯ ಮನೆಗೆ ಹೋದೆ. ಅಂಗಳದಲ್ಲಿ ಇನ್ನೂ ಬಟಾಣಿಯೇ. ಫೂಫಾ ಕೂಡ ಬಟಾಣಿ ಬಿಡಿಸುತ್ತಿದ್ದರು, ಊರಿಗೆ ಹೋಗಿರಲಿಲ್ಲ.

ಕಾರ್ಡು ಮುಂದಿಟ್ಟು, ನಾನು ದೂರದೇಶದವಳು, ಇಲ್ಲಿನ ಪದ್ಧತಿ ತಿಳಿಯದೆ ತಪ್ಪು ಮಾಡಿದೆ ಎಂದೆ. ಮನೆಯಿಂದ ಬಾಯಿಪಾಠ ಮಾಡಿಕೊಂಡು ಹೋದ ಹಿಂದಿಯೆಲ್ಲ ಅಲ್ಲೇ ಮರೆತುಹೋಗಿ ಅರ್ಧಂಬರ್ಧ ಹೇಳಿದೆ.

ಅಜ್ಜಿ ಕಾರ್ಡು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಸುಗ್ಗಾ ಎಲ್ಲಿ?"

"ಯಾವ ಸುಗ್ಗಾ?" ಎಂದೆ.

"ಇದು ಮಂಟಪ ಅಲ್ವಾ? ಮಂಟಪ ಅಂದ್ಮೇಲೆ ಸುಗ್ಗಾ ಬೇಡ್ವಾ? ನಮ್ಮಲ್ಲಿ ಮರದ ಗಿಳಿ ಮಾಡಿ ಮಂಟಪಕ್ಕೆ ಕಟ್ತೀವಿ. ಈ ಕಡೆ ಕಳಶ ಇದೆ, ಆ ಕಡೆ ಖಾಲಿ. ಅಲ್ಲಿ ಒಂದು ಸುಗ್ಗಾ ಕೂರಿಸು."

ಅಂದರೆ ಒಪ್ಪಿದರು! ನಾನು ಕಾಲಿಗೆ ಬಿದ್ದೆ. ಅಜ್ಜಿ ನನ್ನ ತಲೆಯ ಮೇಲೆ ಬಟಾಣಿ ಕೈ ಇಟ್ಟು ಹೇಳಿದರು, "ಬದುಕಿರುವವರ ಸಾವಿನ ಸುಳ್ಳು ಸುದ್ದಿ ಬಂದ್ರೆ ಆಯುಸ್ಸು ಹೆಚ್ಚಾಗುತ್ತೆ ಬಿಟಿಯಾ. ನಾನು ಸತ್ರೆ ಈ ಅಳಿಯ ಇಷ್ಟು ಅಳ್ತಾನೆ ಅಂತಾನೂ ಗೊತ್ತಾಯ್ತು. ಇಪ್ಪತ್ತು ವರ್ಷ ಇವನನ್ನ ಸುಮ್ಮನೆ ಬೈದಿದ್ದೀನಿ."

ಫೂಫಾ ಮತ್ತೆ ಕಣ್ಣೊರೆಸಿಕೊಂಡರು. ಘಾಜಿಪುರದ ಕಡೆಯ ಹೊಸ ಕಾರ್ಡುಗಳನ್ನೆಲ್ಲ ಮನೆಮನೆಗೆ ತಾವೇ ಒಯ್ದು ಕೊಡುತ್ತಾರಂತೆ. ಮಿಕ್ಕ ಊರುಗಳಿಗೆ ದರ್ಶನ ಹೋಗಬೇಕು. ಅಜ್ಜಿಯ ಶಿಕ್ಷೆ.

ಫೆಬ್ರವರಿ 9, ಬುಧವಾರ

ಕಮಲಾದೇವಿಯವರ ಅಂಗಳದಲ್ಲೇ ಕಾರ್ಖಾನೆ. ಅವ್ವ ಮತ್ತು ದರ್ಶನ ಮೂಲೆ ಕತ್ತರಿಸುವುದು, ನಾನು ಒಳಪುಟದ ಬಲ ಮೂಲೆಗೆ ಗಿಳಿ ಒತ್ತುವುದು, ಕಮಲಾದೇವಿ ಅರಿಸಿನ ಹಚ್ಚುವುದು. ಲಗ್ನದ ಹುಡುಗಿ ಮಾಲವಿಕಾ ಕೂಡ ಬಂದಿದ್ದಳು, ತನ್ನದೇ ಕಾರ್ಡು ಹೊಸ ಹಳದಿ ಲಕೋಟೆಗೆ ತುಂಬಲು. ಅವಳಿಗೆ ಮೊದಲಿನ ಕಾರ್ಡೇ ಇಷ್ಟವಾಗಿತ್ತಂತೆ. ಮೆತ್ತಗೆ ಹೇಳಿದಳು, ಅಜ್ಜಿಯ ಕಿವಿಗೆ ಬೀಳಬಾರದೆಂದು.

ಮಧ್ಯಾಹ್ನ ಗೋಪಿನಾಥ್‌ಜಿ ಬಾಗಿಲಲ್ಲಿ ಕಾಣಿಸಿಕೊಂಡರು. ಅಜ್ಜಿ ಹೇಳಿಕಳಿಸಿದ್ದರಂತೆ. ನಾನು ಎದ್ದು ನಿಂತೆ. ಬಾಯಿ ತುಂಬ ಪಾನ್ ಇತ್ತು, ಅದೇ ಒಳ್ಳೆಯ ಶಕುನ. ನನ್ನ ಗಿಳಿಯನ್ನು ನೋಡಿದರು, ತಲೆಯೆತ್ತಿ, "ಊಂ ಊಂ ಹೂಂ" ಎಂದರು. ಜೊತೆಗೆ ಬಂದಿದ್ದ ರಮೇಶ್ ಭೈಯಾ ಬಾಯಿ ತೆರೆಯುವಷ್ಟರಲ್ಲಿ ನಾನು ಕೆಂಪು ಬಣ್ಣದ ಡಬ್ಬಿ ತೆಗೆದು ಗಿಳಿಯ ಕೊಕ್ಕಿಗೆ ಹಚ್ಚಲು ಕೂತೆ. ಹಸಿರು ಕೊಕ್ಕಿನ ಗಿಳಿ ಎಲ್ಲಿರುತ್ತದೆ, ಅವರು ಹೇಳಿದ್ದು ಸರಿಯೇ.

ಪ್ರಮಾಣಪತ್ರದ ಮಾತು ನಾನು ಎತ್ತಲಿಲ್ಲ. ರಮೇಶ್ ಭೈಯಾ ಹೋಗುವಾಗ ಹೇಳಿದರು, "ಮದುವೆಗೆ ಯಾರೂ ಅಳದೆ ಬಂದು ಊಟ ಮಾಡಿ ಹೋದರೆ ಕೊಡ್ತಾರಂತೆ."

ಫೆಬ್ರವರಿ 22, ಮಂಗಳವಾರ

ನಿನ್ನೆ ಮದುವೆ. ಘಾಜಿಪುರದವರು ಬಸ್ಸು ಮಾಡಿಕೊಂಡು ಬಂದರು. ಎಲ್ಲರೂ ಅಜ್ಜಿಯನ್ನು ಮೊದಲು ಮುಟ್ಟಿ ನೋಡಿ ಆಮೇಲೆ ಮಂಟಪದ ಕಡೆ ಹೋದರು. ಅಜ್ಜಿ ಮುಟ್ಟಿಸಿಕೊಂಡು ಮುಟ್ಟಿಸಿಕೊಂಡು ಖುಷಿಯಾಗಿದ್ದರು. ಮಂಟಪದ ಬಿದಿರಿಗೆ ನಿಜವಾದ ಮರದ ಗಿಳಿಗಳನ್ನು ಕಟ್ಟಿದ್ದರು. ನನ್ನ ಗಿಳಿಯ ಕುತ್ತಿಗೆ ಸ್ವಲ್ಪ ಉದ್ದವಾಯಿತು, ಮುಂದಿನ ಸಲ ಗಿಡ್ಡ ಮಾಡಬೇಕು.

ಗೋಪಿನಾಥ್‌ಜಿ ಪೂರಿಯ ಎಲೆ ಮುಂದೆ ಕೂತು ಸುತ್ತಲೂ ಕಣ್ಣಾಡಿಸುತ್ತಿದ್ದರು. ಬೆಳಗಿನ ಜಾವ ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ ಮನೆಯಿಡೀ ಗೊಳೋ ಎಂದು ಅಳಲು ಶುರುಮಾಡಿತು. ಹೋಯಿತು, ಡಿಗ್ರಿ ಹೋಯಿತು ಎಂದುಕೊಂಡು ಗೋಪಿನಾಥ್‌ಜಿಯ ಕಡೆ ನೋಡಿದೆ. ಅವರು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದರು.

ಮಾರ್ಚ್ 12, ಶನಿವಾರ

ಪ್ರ ಮಾ ಣ ಪ ತ್ರ!

ಅದರಲ್ಲಿ ಬರೆದಿದ್ದಾರೆ: "ಈ ಹುಡುಗಿ ಒಂದು ತಪ್ಪು ಮಾಡಿದಳು. ಅದನ್ನು ಅರ್ಧಕ್ಕೆ ಬಿಡದೆ ಇನ್ನೊಂದು ಪಕ್ಕಕ್ಕೂ ಮಾಡಿ ಸರಿ ಮಾಡಿದಳು." ಇದನ್ನು ಕಾಲೇಜು ಒಪ್ಪುತ್ತದೆಯೋ ಎಂಬ ಹೆದರಿಕೆಯಿತ್ತು. ಮುಂಬಯಿ ಮೇಡಂ ಓದಿ ನಕ್ಕು ಸಹಿ ಹಾಕಿದರು. ಪರೀಕ್ಷೆ ಏಪ್ರಿಲ್ ನಾಲ್ಕರಿಂದ.

ಬೇರೆ ವಿಶೇಷವೇನೂ ಇಲ್ಲ. ಇವತ್ತು ಬಂದ ಹೊಸ ಗಿರಾಕಿಗೆ ಗೋಪಿನಾಥ್‌ಜಿಯ ಮಾತು ತಿಳಿಯಲಿಲ್ಲ. "ಅಕ್ಷರ ದಪ್ಪ ಇರಲಿ, ಮುದುಕರೂ ಓದಬೇಕು ಅಂತಿದ್ದಾರೆ" ಎಂದು ನಾನೇ ಹೇಳಿದೆ. ರಮೇಶ್ ಭೈಯಾ ನನ್ನ ಕಡೆ ನೋಡಿ ನಕ್ಕರು. ಯಾಕೋ ತಿಳಿಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬಾ, ಮಾದರಿ ಪುಸ್ತಕ ಪೂರ್ತಿ ಹೊಸದು ಮಾಡಬೇಕು ಎಂದಿದ್ದಾರೆ ಗೋಪಿನಾಥ್‌ಜಿ. ಈ ಸಲ ಸಂಬಳವೂ ಇದೆ.

ಏಪ್ರಿಲ್ 18, ಸೋಮವಾರ

ಕೊನೆಯ ಪರೀಕ್ಷೆ ಬರೆದು ಬಂದೆ. ಚೆನ್ನಾಗಿ ಬರೆದಿದ್ದೇನೆ. ಸೌಂದರ್ಯಶಾಸ್ತ್ರದ ಪ್ರಶ್ನೆಗೆ ಗಿಳಿಯ ಕೊಕ್ಕಿನ ಉದಾಹರಣೆ ಕೊಟ್ಟೆ.

ಬಾಗಿಲಲ್ಲಿ ಅಂಚೆಯವನು ಸಿಕ್ಕಿ ಒಂದು ಕಾರ್ಡು ಕೊಟ್ಟ. ಹುಬ್ಬಳ್ಳಿಯದು, ಸಂಗಯ್ಯ ಕಾಕಾನ ಅಕ್ಷರ. ಅದರ ಒಂದು ಮೂಲೆ ಇರಲಿಲ್ಲ.

ನನ್ನ ಕಾಲು ಹೊಸಿಲ ಆಚೆಯೇ ನಿಂತುಬಿಟ್ಟಿತು. ಹುಬ್ಬಳ್ಳಿಯಲ್ಲಿರುವ ಅಜ್ಜನ ಮುಖ ಕಣ್ಣ ಮುಂದೆ ಬಂತು. ತಿರುಗಿಸಿ ಓದಲು ಕೈ ಬರಲಿಲ್ಲ. ಒಳಗಿನಿಂದ ಅವ್ವ ನೋಡಿ ಓಡಿಬಂದಳು.

"ಯಾಕ, ಅಲ್ಲೇ ನಿಂತಿ? ಒಳಗ ಬಾ."

"ಮೂಲಿ ಇಲ್ಲವಾ."

ಅವ್ವನೂ ಒಳಗೇ ನಿಂತಳು, ಹೊಸಿಲು ದಾಟಲಿಲ್ಲ. ಇಬ್ಬರೂ ಎದುರುಬದುರು ನಿಂತು ಅಪ್ಪನನ್ನು ಕೂಗಿದೆವು. ಅಪ್ಪ ಬಂದು ಕಾರ್ಡು ಕಸಿದುಕೊಂಡು ಓದಿದರು.

"ಏನೂ ಆಗಿಲ್ಲ! ಅಜ್ಜ ಆರಾಮ ಅದಾರ. ಈ ಮೂಲಿ ದಾರಿಯೊಳಗ ಎಲ್ಲೋ ಸವದೈತಿ. ಜೂನಿಗೆ ನಮಗ ಅಂತ ಸಂಗಯ್ಯ ಅಲ್ಲಿ ಒಂದು ಮನಿ ನೋಡ್ಯಾನ, ಹಿಡೀಲೇನು ಅಂತ ಕೇಳ್ಯಾನ." ಅಪ್ಪ ನಗಲು ಶುರುಮಾಡಿದರು. "ಹುಬ್ಬಳ್ಳ್ಯಾಗ ಮೂಲಿಲ್ಲದ ಕಾರ್ಡಿಗೆ ಯಾರರೆ ಹೆದರ್ತಾರೇನು? ನೀವಿಬ್ಬರೂ ಯಾವಾಗ ಇಲ್ಲಿಯವರಾದ್ರಿ?"

ಯಾರು ಇಲ್ಲಿಯವರಾಗಿದ್ದಾರೆ? ಹೆದರಿಕೆ ಎಲ್ಲರಿಗೂ ಆಗುತ್ತದೆ.

ಚಹಾ ಕುಡಿಯುತ್ತ ಅಪ್ಪ ಹೇಳಿದರು, ಬ್ಯಾಂಕು ಇಲ್ಲಿನ ಅವಧಿಯನ್ನು ಒಂದು ವರ್ಷ ಮುಂದುವರಿಸಬಹುದೆಂದು ಬರೆದಿದೆಯಂತೆ, ಬೇಕೆಂದರೆ ಮಾತ್ರ. ಅವ್ವ ನನ್ನ ಕಡೆ ನೋಡಿದಳು. ನಾನು ಚಹಾದ ಕಡೆ ನೋಡಿದೆ. ಡಿಗ್ರಿ ಮುಗಿಯಿತು, ಜೂನ್ ಹತ್ತಿರ ಬಂತು, ರೈಲು ಹತ್ತುವುದಕ್ಕೆ ಅಡ್ಡಿಯೇನೂ ಇಲ್ಲ. ಆದರೆ ಮಾದರಿ ಪುಸ್ತಕದ ಕೆಲಸ ನವೆಂಬರಿನ ಮುಹೂರ್ತದವರೆಗೆ ಆಗುತ್ತದೆ. ಗೋಪಿನಾಥ್‌ಜಿಗೆ ಅರ್ಧಕ್ಕೆ ಬಿಡುವುದು ಆಗಿಬರುವುದಿಲ್ಲ. ದರ್ಶನನ ಮದುವೆಗೂ ಈಗ ಹುಡುಗಿ ನೋಡುತ್ತಿದ್ದಾರಂತೆ, ಕಾರ್ಡು ನಾನೇ ಮಾಡಬೇಕೆಂದು ಅಜ್ಜಿ ಹೇಳಿದ್ದಾರೆ. ಖಿಚಡಿ ಹಬ್ಬಕ್ಕೆ ಮೂಲಂಗಿ ಉಪ್ಪಿನಕಾಯಿ ಹಾಕುವುದನ್ನು ಕಮಲಾದೇವಿ ಅವ್ವನಿಗೆ ಹೇಳಿಕೊಡುವುದಿದೆ. ಇಷ್ಟೆಲ್ಲ ಇರುವಾಗ ಮನೆ ಈಗಲೇ ಹಿಡಿದು ಏನು ಮಾಡುವುದು ಎಂದೆ.

"ಹಂಗಾದ್ರ ನೀನ ಬರಿ" ಎಂದು ಅಪ್ಪ ಹೊಸ ಕಾರ್ಡು ನನ್ನ ಕೈಗೆ ಕೊಟ್ಟರು.

ಬರೆದೆ: "ಕಾಕಾ, ಈ ವರ್ಷ ಮನಿ ಬ್ಯಾಡ." ಅಂಚೆ ಡಬ್ಬಕ್ಕೆ ಹಾಕುವ ಮೊದಲು ನಾಲ್ಕೂ ಮೂಲೆ ಬೆರಳಿನಿಂದ ಮುಟ್ಟಿ ನೋಡಿದೆ. ನಾಲ್ಕೂ ಇದ್ದವು.